ಕೊಳಗದ ಅಳತೆಯೂ ಶಾಂತವೇರಿ ಗೋಪಾಲಗೌಡರೂ



ಬೆಳ್ಳಿ ಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಕಾರ್ಯದರ್ಶಿಯವರು ಹೇಳಿದಾಗ ನಾವು ಸ್ವಲ್ಪ ಹಿಂದೆ ಮುಂದೆ ನೋಡಿದ್ದುಂಟು. ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದವರು ನಾವು. ಆದರೆ ಸಂಘದ ಕಟ್ಟೆಗೆ ಬರುವ ಪ್ರತಿಯೊಬ್ಬ ರೈತನ ಕೈಯಲ್ಲಿ ಪಹಣಿ ಇರುತ್ತದಲ್ಲ, ಆ ಪಹಣಿ ನಮ್ಮ ಹೆಸರಿಗೆ ಬಂದದ್ದು ಹೇಗೆ ಎಂಬುದನ್ನು ಈಗಿನ ಹುಡುಗರಿಗೆ ಹೇಳಬೇಕು ಎನಿಸಿತು. ಅದನ್ನು ಹೇಳುವಾಗ ಶಾಂತವೇರಿ ಗೋಪಾಲಗೌಡರ ಹೆಸರು ಬಾರದೆ ಇರುವುದಿಲ್ಲ.

ನಮ್ಮ ಅಜ್ಜ ಗೇಣಿದಾರ. ಗದ್ದೆ ಧಣಿಗಳದ್ದು, ಬೆವರು ನಮ್ಮದು. ಸುಗ್ಗಿ ಮುಗಿದ ಮೇಲೆ ಧಣಿಗಳ ಅಂಗಳಕ್ಕೆ ಭತ್ತ ಹೊತ್ತು ಅಳೆದು ಕೊಡಬೇಕು. ಕೊಳಗ ಮಾತ್ರ ಅವರದೇ. "ಕೊಳಗ ದೊಡ್ಡದಾದಷ್ಟೂ ನಮ್ಮ ಮಡಕೆ ಸಣ್ಣದಾಗ್ತಿತ್ತು ಮಾರಾಯಾ" ಎಂದು ಅಜ್ಜ ಹೇಳುತ್ತಿದ್ದುದು ಇನ್ನೂ ಕಿವಿಯಲ್ಲಿದೆ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎದ್ದ ಜಗಳವೂ ಇದೇ ಕೊಳಗದ್ದು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಗೇಣಿದಾರರು ತಂಡ ತಂಡವಾಗಿ ನೇಗಿಲು ಹೊತ್ತು ಗದ್ದೆಗೆ ಇಳಿದು ಜೈಲಿಗೆ ಹೋದರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಮುಂದಾಳುಗಳಲ್ಲಿ ಗೋಪಾಲಗೌಡರು ಒಬ್ಬರು.

ಗೌಡರು ಹುಟ್ಟಿದ್ದು 14-3-1923ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. 1942ರ ಚಳವಳಿಯಲ್ಲಿ ಓದುವ ವಯಸ್ಸಿನಲ್ಲೇ ಜೈಲು ಕಂಡವರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. 1957ರಲ್ಲಿ ಸೋತರು. ಸೋತರೆಂದು ಮನೆಯಲ್ಲಿ ಕೂರಲಿಲ್ಲ. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಮಂತ್ರಿ ಆಗಲಿಲ್ಲ, ವಿರೋಧ ಪಕ್ಷದ ಬೆಂಚಿನಲ್ಲೇ ಕುಳಿತು ಗೇಣಿದಾರನ ಮಾತು ಆಡಿದರು, ಕನ್ನಡದ ಮಾತು ಆಡಿದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಗಬೇಕೆಂದು ಹಟ ಹಿಡಿದವರಲ್ಲಿ ಅವರೂ ಒಬ್ಬರು. ಜೆ.ಎಚ್. ಪಟೇಲ್, ಎಸ್. ಬಂಗಾರಪ್ಪ, ಕಾಗೋಡು ತಿಮ್ಮಪ್ಪನವರಂಥವರು ಅದೇ ಸಮಾಜವಾದಿ ಗರಡಿಯಲ್ಲಿ ಪಳಗಿದವರು.

ಆಯುಷ್ಯ ಮಾತ್ರ ಸಾಲದೆ ಹೋಯಿತು. 9-6-1972ರಂದು, 49ನೇ ವಯಸ್ಸಿಗೇ ತೀರಿಕೊಂಡರು. ಕರ್ನಾಟಕ ಎಂಬ ಹೆಸರು ಬಂದದ್ದು 1-11-1973ಕ್ಕೆ. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1-3-1974ಕ್ಕೆ. ಬಿತ್ತಿದವರು ಕೊಯ್ಲು ನೋಡಲಿಲ್ಲ.

ನಮ್ಮ ತಂದೆಯವರು ಹೆದರುತ್ತಲೇ 7ನೇ ನಮೂನೆ ತುಂಬಿ ಡಿಕ್ಲರೇಷನ್ ಕೊಟ್ಟರು. ಟ್ರಿಬ್ಯೂನಲ್ ಮುಂದೆ ನಿಂತು, ಗದ್ದೆ ನಮ್ಮದಾಯಿತು. ನಮ್ಮ ಕೇರಿಯಲ್ಲೇ ಇನ್ನೊಬ್ಬರು "ಧಣಿಗಳ ಅನ್ನ ಉಂಡಿದ್ದೇವೆ, ಅವರ ಮೇಲೆ ಅರ್ಜಿ ಹಾಕೋದು ಹ್ಯಾಗೆ" ಎಂದು ದಾಕ್ಷಿಣ್ಯಕ್ಕೆ ಬಿದ್ದು ಸುಮ್ಮನಾದರು. ಅವರ ಮಗ ಒಂದು ಸಲ ಬೆಳೆ ಸಾಲ ಕೇಳಿಕೊಂಡು ಸಂಘಕ್ಕೆ ಬಂದ. ಪಹಣಿ ಇಲ್ಲ. ಮೇಜಿನ ಈಚೆ ನಿರ್ದೇಶಕರಾಗಿ ಕುಳಿತವರು ನಾವು. "ನಿಯಮದಲ್ಲಿ ಅವಕಾಶ ಇಲ್ಲ ಕಣಪ್ಪ" ಎಂದು ಹೇಳಿ ಕಳಿಸಿದೆವು. ನಿಯಮ ಸರಿಯೇ. ಆದರೆ ಆ ರಾತ್ರಿ ಊಟ ಸೇರಲಿಲ್ಲ. ಒಂದು ಹಾಳೆ ಅರ್ಜಿ ಕೊಟ್ಟಿದ್ದಕ್ಕೆ ನಾವು ಈಚೆ, ಕೊಡದೆ ಇದ್ದದ್ದಕ್ಕೆ ಅವನು ಆಚೆ.

ಆದ್ದರಿಂದ ಸದಸ್ಯರಲ್ಲಿ ನಮ್ಮದೊಂದು ಅರಿಕೆ. ಜಮೀನಿಲ್ಲದವರಿಗೂ ಸ್ವಸಹಾಯ ಗುಂಪಿನ ಮೂಲಕವೋ ಬೇರೆ ದಾರಿಯಿಂದಲೋ ಸಾಲ ಸಿಗುವಂತೆ ಮುಂದಿನ ಮಹಾಸಭೆಯಲ್ಲಿ ಮಾತಾಡೋಣ. ಗೊಬ್ಬರ ತೂಗುವ ನಮ್ಮ ತಕ್ಕಡಿ ಎಲ್ಲರಿಗೂ ಒಂದೇ ಆಗಿರಲಿ. ಹಿಂದೆ ಕೊಳಗ ಧಣಿಗಳ ಕೈಯಲ್ಲಿತ್ತು, ಈಗ ನಮ್ಮ ಕೈಯಲ್ಲಿದೆ. ಇಷ್ಟು ನೆನಪಿಟ್ಟುಕೊಂಡರೆ ಗೋಪಾಲಗೌಡರಿಗೆ ನಾವು ಸಲ್ಲಿಸುವ ಗೌರವ ಅದೇ.

ತಪ್ಪಿದ್ದರೆ ತಿದ್ದಿಕೊಂಡು ಓದಿ.