ಓತಿಗೆ ಬೇಲಿ ಸಾಕ್ಷಿ

ಹಿತ್ತಲ ಬೇಲಿ ತೆಗೆಸಿ ಕಾಂಪೌಂಡು ಗೋಡೆ ಹಾಕಿಸಬೇಕೆಂದು ನಾನು ಗ್ರಾಮ ಪಂಚಾಯಿತಿಗೆ ಅರ್ಜಿ ಹಿಡಿದು ಹೋದದ್ದು ನಿವೃತ್ತನಾದ ಮರುವರ್ಷ. ಹಾಸನ ಸೀಮೆಯ ನಮ್ಮೂರಿನಲ್ಲಿ ಹಿತ್ತಲಿಗೆ ಬೇಲಿ ಹಾಕಲು ಅಪ್ಪಣೆ ಬೇಕೆಂದು ಹೇಳಿದ್ದರೆ ನಮ್ಮಪ್ಪ ನಕ್ಕುಬಿಡುತ್ತಿದ್ದರು. ಅವರ ಕಾಲಕ್ಕೆ ಒಂದಷ್ಟು ಕತ್ತಾಳೆ ಸಸಿ, ನಾಲ್ಕು ಹೊರೆ ಕಾರೆಮುಳ್ಳು, ಎರಡು ದಿನದ ಕೆಲಸ, ಇಷ್ಟಾದರೆ ಬೇಲಿ. ನನ್ನ ಕೈಗೆ ಕಾರ್ಯದರ್ಶಿಗಳು ಒಂದು ಪಟ್ಟಿ ಕೊಟ್ಟರು: ಖಾತೆಯ ನಕಲು, ಕಂದಾಯದ ರಸೀದಿ, ಅಳತೆ ತೋರಿಸುವ ನಕ್ಷೆ, ಪಕ್ಕದವರ ಒಪ್ಪಿಗೆ ಪತ್ರ. ಮೊದಲ ಎರಡು ಬೀರುವಿನಲ್ಲಿದ್ದವು. ಉಳಿದ ಎರಡಕ್ಕಾಗಿ ಹಳೆಯ ಕಾಲವನ್ನೇ ಕೆದಕಬೇಕಾಯಿತು.

ಬೇಲಿ ಎಂಬುದು ದೊರೆಗಳಿಗೆ ಹೊಸದೇನಲ್ಲ. ಶ್ರೀರಂಗಪಟ್ಟಣದ ಎದುರಿಗೆ, ಕಾವೇರಿಯ ಉತ್ತರ ದಂಡೆಯ ಬಯಲನ್ನು ಬಳಸಿ ದಟ್ಟವಾದ ಮುಳ್ಳುಬೇಲಿ ಇತ್ತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಮೊದಲು ದಾಟಬೇಕಾಗಿದ್ದುದು ಆ ಬೇಲಿಯನ್ನೇ. ಅದು ರಾಜ್ಯ ಕಾಯುವ ಬೇಲಿ. ಕುಂಬಳಬಳ್ಳಿ ಕಾಯುವ ನಮ್ಮ ಹಿತ್ತಲ ಬೇಲಿ ಎಲ್ಲಿ ಬರಬೇಕೆಂಬುದು ನೆರೆಯವರು, ಊರ ಹಿರಿಯರು, ತಕರಾರು ಬಂದರೆ ಶಾನುಭೋಗರು, ಇವರ ಮಾತಿನಲ್ಲೇ ಮುಗಿಯುತ್ತಿತ್ತು.

ನೆಲದ ಮೇಲೆ ಸರ್ಕಾರದ ಗೆರೆ ಬಿದ್ದದ್ದು ಆಮೇಲೆ. 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಮುಂಬಯಿ ಕಂದಾಯ ಮೋಜಣಿಯ ಪದ್ಧತಿ, ಬೌರಿಂಗ್ ಕಮಿಷನರ್ ಆಗಿದ್ದ ಕಾಲದಲ್ಲಿ, 1863ರಲ್ಲಿ, ಮೈಸೂರು ಸಂಸ್ಥಾನಕ್ಕೂ ಬಂತು. ಆ ಮೋಜಣಿಯ ಸರಪಳಿ 33 ಅಡಿ ಉದ್ದ. ಅದನ್ನು ರೂಪಾಯಿಯ ಹಾಗೆ 16 ಆಣೆಗಳಾಗಿ ಭಾಗ ಮಾಡಿದ್ದರು; ಒಂದು ಆಣೆ ಎಂದರೆ ಎರಡಡಿಗಿಂತ ತುಸು ಹೆಚ್ಚು. ಸರಪಳಿ ಉದ್ದ, ಸರಪಳಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಒಂದು ಎಕರೆ. ಇಂದಿಗೂ ನಾವು ಜಮೀನಿನ ಲೆಕ್ಕ ಹೇಳುವಾಗ ಎಳೆಯುವುದು ಆ ಸರಪಳಿಯನ್ನೇ. ಹೊಲಹೊಲಕ್ಕೂ ನಂಬರು ಬಿತ್ತು, ಮೂಲೆಮೂಲೆಗೂ ಬಾಂದುಕಲ್ಲು ನೆಟ್ಟರು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸರ್ಕಾರಕ್ಕೆ ಬೇಕಾಗಿದ್ದುದು ಬೆಳೆಯ ಕಂದಾಯ. ಆದ್ದರಿಂದ ಸರಪಳಿ ಹೊಲ ಗದ್ದೆಗಳಲ್ಲಿ ಓಡಾಡಿತೇ ಹೊರತು ಊರೊಳಗೆ ಬರಲಿಲ್ಲ. ಮನೆಗಳಿರುವ ಜಾಗವನ್ನೆಲ್ಲ ಒಟ್ಟಾಗಿ ಗ್ರಾಮಠಾಣಾ ಎಂದು ಸುತ್ತುಗೆರೆ ಎಳೆದು ಬಿಟ್ಟರು. ಒಳಗೆ ಯಾರ ಹಿತ್ತಲು ಎಲ್ಲಿ ಮುಗಿಯುತ್ತದೆ ಎಂಬುದು ನಕ್ಷೆಗೆ ಸಿಗಲಿಲ್ಲ. ಅದು ಊರವರ ನೆನಪಿನಲ್ಲಿ ಉಳಿಯಿತು. ಆ ನೆನಪಿಗೆ ಒಡೆಯರಂತಿದ್ದ ವಂಶಪಾರಂಪರ್ಯದ ಶಾನುಭೋಗಿಕೆಯೂ 1963ರ ಫೆಬ್ರವರಿಯಲ್ಲಿ ರದ್ದಾಯಿತು. ಮನೆಗಳ ಲೆಕ್ಕ ಪಂಚಾಯಿತಿಯ ಪುಸ್ತಕಕ್ಕೆ ಹೋಯಿತು. 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರವೂ ಕಟ್ಟಡಕ್ಕೆ ಅನುಮತಿ ಕೊಡಬೇಕಾದುದು ಗ್ರಾಮ ಪಂಚಾಯಿತಿಯೇ.

ನಕ್ಷೆಗಾಗಿ ನಮ್ಮ ತಾತನ ಕಾಲದ ಪತ್ರ ತೆಗೆದೆ. ಅದರಲ್ಲಿ ಅಡಿಯಿಲ್ಲ, ಆಣೆಯಿಲ್ಲ. ಚಕ್ಕುಬಂದಿ ಮಾತ್ರ ಇತ್ತು. ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ಹುಣಿಸೆಮರ, ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ಇಂಥವರ ಹಿತ್ತಲು. ಹುಣಿಸೆಮರ ಹೋಗಿ ಎಷ್ಟೋ ವರ್ಷವಾಗಿದೆ. ಉತ್ತರದ ಹಿತ್ತಲಿನ ಮನೆಯಲ್ಲಿ ಈಗ ಇರುವುದು ಒಬ್ಬರೇ ಅಜ್ಜಿ. ಅವರ ಪತ್ರವನ್ನೂ ಕೇಳಿ ನೋಡಿದೆ. ಅದರಲ್ಲಿ ದಕ್ಷಿಣದ ಚಕ್ಕುಬಂದಿ ಎಂದು ನಮ್ಮ ತಾತನ ಹೆಸರು! ಓತಿಗೆ ಬೇಲಿ ಸಾಕ್ಷಿ, ಬೇಲಿಗೆ ಓತಿ ಸಾಕ್ಷಿ ಎಂಬ ಗಾದೆಯನ್ನು ನಾವು ಕಳ್ಳಸಾಕ್ಷಿಗಳನ್ನು ಹಂಗಿಸಲು ಬಳಸುತ್ತೇವೆ. ಆ ಹೊತ್ತಿಗೆ ನನಗೆ ಅದರಲ್ಲಿ ಬೇರೆ ಅರ್ಥ ಕಂಡಿತು. ನನ್ನ ಮನೆಯ ಎಲ್ಲೆ ಎಂದರೆ ಅವರ ಹೆಸರು, ಅವರ ಮನೆಯ ಎಲ್ಲೆ ಎಂದರೆ ನಮ್ಮ ಹೆಸರು. ಒಬ್ಬರು ಇಲ್ಲವೆಂದರೆ ಇನ್ನೊಬ್ಬರ ಪತ್ರ ಬರಿಯ ಕಾಗದ.

ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಇಂಕಿನ ಪ್ಯಾಡು ಮುಂದಿಟ್ಟೆ. ಅಜ್ಜಿ ಹೆಬ್ಬೆಟ್ಟು ಎತ್ತಲಿಲ್ಲ. 'ನಿಮ್ಮಪ್ಪ ಬೇಲಿ ಹಾಕೋವಾಗ ನಮ್ಮ ಮಾವನ್ನ ಕರೆದು ಅವರ ಕೈಲೇ ಗೂಟ ಹೊಡೆಸಿದ್ರು. ಇರ್ಲಿ, ಗೋಡೆ ಹಾಕ್ಕೊ ಮಗಾ. ಕಂಡಿ ಎಲ್ಲಿ ಬತ್ತದೆ?' ಎಂದರು.

ನಾನು ಬರೆಸಿದ್ದ ನಕ್ಷೆಯಲ್ಲಿ ಕಂಡಿ ಇರಲಿಲ್ಲ. ಆ ಬೇಲಿಯ ಕಂಡಿಯಿಂದ ಅವರು ನಮ್ಮ ಬಾವಿಗೆ ಬಂದವರು. ನನ್ನ ತಾಯಿ ಹೆರಿಗೆಯಲ್ಲಿ ನರಳಿದ ರಾತ್ರಿ ಬೀದಿ ಸುತ್ತಿ ಬರದೆ ಅದೇ ಕಂಡಿಯಲ್ಲಿ ನುಗ್ಗಿ ಬಂದವರು. ಬಾವಿ ಬತ್ತಿ, ನಲ್ಲಿ ಬಂದ ಮೇಲೂ ಸಂಜೆ ಹೊತ್ತು ಮಾತಿಗೆ ಬರುತ್ತಿದ್ದರು. ಐದಡಿ ಗೋಡೆ ಎದ್ದರೆ ಆ ವಯಸ್ಸಿನಲ್ಲಿ ಓಣಿ ಬಳಸಿ ಯಾರು ಬರುತ್ತಾರೆ? ಪ್ಯಾಡನ್ನು ಮುಚ್ಚಿಕೊಂಡು ಎದ್ದುಬಂದೆ.

ಉತ್ತರದ ಗೋಡೆಯಲ್ಲಿ ಮೂರಡಿಯ ಗೇಟು ತೋರಿಸಿ ನಕ್ಷೆಯನ್ನು ಮತ್ತೆ ಬರೆಸಿದೆ. ಕಾರ್ಯದರ್ಶಿಗಳು ಹುಬ್ಬು ಗಂಟಿಕ್ಕಿದರು. 'ಪಕ್ಕದವರ ಜಾಗಕ್ಕೆ ಗೇಟು ಇಡ್ತಾರಾ ಸಾರ್? ನಾಳೆ ಅವರ ಕಡೆಯವರು ಬಂದು ದಾರಿ ಹಕ್ಕು ಅಂತ ಕೇಳಿದರೆ?' ಅವರ ಮಾತು ತಪ್ಪಲ್ಲ. ಅಂಥ ವ್ಯಾಜ್ಯಗಳನ್ನು ಅವರು ದಿನವೂ ಕಾಣುತ್ತಾರೆ. 'ಆ ದಾರಿ ನನಗಿಂತ ಹಳೆಯದು, ಬರಕೊಳ್ಳಿ' ಎಂದೆ. ಎರಡು ವಾರ ಓಡಾಡಿಸಿ ಅನುಮತಿ ಕೊಟ್ಟರು. ಅಷ್ಟು ಹೊತ್ತಿಗೆ ಅಜ್ಜಿ ಹೆಬ್ಬೆಟ್ಟು ಒತ್ತಿಯಾಗಿತ್ತು.

2020ರಲ್ಲಿ ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ತಂದಿತು. ಹಳೆಯ ಸರಪಳಿ ಬಿಟ್ಟುಹೋದ ಗ್ರಾಮಠಾಣಾಗಳನ್ನು ಡ್ರೋನ್ ಹಾರಿಸಿ ಅಳೆಯುವ ಕೆಲಸ ಅದು. ಮೊದಲು ಕೈಗೆತ್ತಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಆಕಾಶದ ಕಣ್ಣಿಗೆ ಎಲ್ಲೆ ತಾನಾಗಿ ಕಾಣುವುದಿಲ್ಲ. ಮೊದಲು ನೆಲದ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಆ ಗೆರೆ ಎಳೆಯಲು ಎರಡು ಮನೆಯವರೂ ನಿಂತು ಹೂಂ ಎನ್ನಬೇಕು. ನಮ್ಮಪ್ಪ ಗೂಟ ಹೊಡೆಸಿದ್ದೂ ಹಾಗೆಯೇ ಅಲ್ಲವೆ?

ನಮ್ಮೂರಿಗೆ ಅವರು ಬಂದ ದಿನ ಅಜ್ಜಿ ಗೇಟಿನಲ್ಲೇ ನಿಂತಿದ್ದರು. ಸುಣ್ಣ ಹಾಕುವ ಹುಡುಗ, 'ಸ್ವಲ್ಪ ಸರೀರಜ್ಜಿ, ಗೆರೆ ಬರಬೇಕು' ಎಂದ. ಅವರು ಸರಿದು ಒಳಗೆ ಬಂದರು, ನಮ್ಮ ಕಡೆಗೆ.