ಧಾಟಿಗೊಂದು ಉತಾರೆ: ಜಿಫ್ ಚಿತ್ರದ ಜಗಳ

ನಾನು ಓದಿದ್ದು ಏಳನೆಯ ಇಯತ್ತೆ. ಒಕ್ಕಲುತನ ಮತ್ತು ಹಾಡಕಿ, ಇವೆರಡೇ ನನಗೆ ಬರುವ ವಿದ್ಯೆ. ಆದರೂ ಕಂಪ್ಯೂಟರಿನ ಒಂದು ಜಗಳದ ಚರಿತ್ರೆ ಬರೆಯಲು ಕೂತೀನಿ. ಯಾಕಂದ್ರ ಹಾಡುವವರಿಗೆ ಇದು ಬೇಗ ತಿಳಿತೈತಿ.

ನಮ್ಮ ಪದದ ವಹಿ ನೋಡಿರಿ. ಪಲ್ಲವಿಯನ್ನು ಒಮ್ಮೆ ಪೂರ್ತಿ ಬರೀತೀವಿ. ಆಮೇಲೆ ಪ್ರತಿ ನುಡಿಯ ಕೊನೆಗೆ ಬರೇ ‘ಪ’ ಅಂತ ಬರೆದು ಬಿಡ್ತೀವಿ. ಕಾಗದ ಉಳೀತೈತಿ, ಹಾಡಿನಲ್ಲಿ ಏನೂ ಕಳೆಯೂದಿಲ್ಲ. ಕಂಪ್ಯೂಟರಿನೊಳಗೂ ಹಂಗೇ. ಮತ್ತೆ ಮತ್ತೆ ಬರುವುದಕ್ಕೆ ಒಂದು ಸಣ್ಣ ಗುರುತು ಕೊಟ್ಟು ಬರಹವನ್ನೂ ಚಿತ್ರವನ್ನೂ ಕಿರಿದು ಮಾಡ್ತಾರ. ಇದರ ಒಂದು ಲೆಕ್ಕವನ್ನು ಇಸ್ರೇಲಿನ ಪಂಡಿತರಾದ ಲೆಂಪೆಲ್ ಮತ್ತು ಝಿವ್ 1978ರಲ್ಲಿ ಪ್ರಕಟಿಸಿದರು. ಅಮೆರಿಕದ ಟೆರಿ ವೆಲ್ಚ್ ಅದನ್ನು ತಿದ್ದಿ ಚುರುಕು ಮಾಡಿ 1984ರಲ್ಲಿ ಒಂದು ಪತ್ರಿಕೆಯಲ್ಲಿ ಬರೆದರು. ಮೂವರ ಹೆಸರಿನ ಮೊದಲ ಅಕ್ಷರ ಕೂಡಿಸಿ ಎಲ್‌ಝಡ್‌ಡಬ್ಲ್ಯು ಅಂತಾರ. 1987ರಲ್ಲಿ ಕಂಪ್ಯುಸರ್ವ್ ಕಂಪನಿ ಅದೇ ಲೆಕ್ಕದಿಂದ ‘ಜಿಫ್’ ಎಂಬ ಚಿತ್ರದ ರೀತಿ ಮಾಡಿ ಹೊರಗೆ ಬಿಟ್ಟಿತು. ಜನ ಎಲ್ಲಾ ಕಡೆ ಬಳಸಿದರು.

ಆದರೆ ವೆಲ್ಚ್ ಇದ್ದ ಸ್ಪೆರಿ ಕಂಪನಿ 1983ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿತ್ತು, 1985ರಲ್ಲಿ ಅದು ಸಿಕ್ಕಿತ್ತು. ಮರುವರ್ಷ ಸ್ಪೆರಿ ಮತ್ತೊಂದು ಕಂಪನಿಯ ಕೂಡ ಸೇರಿ ಯೂನಿಸಿಸ್ ಆಯಿತು. ಹಕ್ಕು ಅದರ ಪಾಲಿಗೆ ಬಂತು.

ಬರೆದ ಪದಕ್ಕಿರುವ ಹಕ್ಕು ಬೇರೆ, ಪೇಟೆಂಟ್ ಬೇರೆ. ಪೇಟೆಂಟ್ ಅಂದ್ರ ಧಾಟಿಗೇ ಒಂದು ಉತಾರೆ ತೆಗೆಸಿದಂಗ. ನೀವು ಸ್ವಂತ ಪದ ಕಟ್ಟಿದರೂ, ಆ ಧಾಟಿ ನಿಮಗೆ ತಾನಾಗಿ ಹೊಳೆದಿದ್ದರೂ, ಉತಾರೆಯಲ್ಲಿ ಹೆಸರಿದ್ದವನ ಒಪ್ಪಿಗೆ ಬೇಕು. ವಿಚಿತ್ರ ಅಂದ್ರ, ಅದೇ ಲೆಕ್ಕಕ್ಕೆ ಐಬಿಎಂ ಕಂಪನಿಯ ಇಬ್ಬರೂ 1983ರಲ್ಲಿ ಅರ್ಜಿ ಹಾಕಿದ್ದರು. ಅವರಿಗೂ 1989ರಲ್ಲಿ ಪೇಟೆಂಟ್ ಸಿಕ್ಕಿತು. ಒಂದೇ ಹೊಲಕ್ಕ ಎರಡು ಉತಾರೆ!

1994ರ ಡಿಸೆಂಬರ್ ಕೊನೆಗೆ ಸುದ್ದಿ ಹೊರಬಿತ್ತು: ಜಿಫ್ ಬಳಸುವ ತಂತ್ರಾಂಶ ಮಾಡುವವರು ಶುಲ್ಕ ಕೊಡಬೇಕು. ದೊಡ್ಡ ಕಂಪನಿಗಳು ಕೊಟ್ಟಾವು. ಆದರೆ ಮುಕ್ತ ತಂತ್ರಾಂಶದವರು ತಮ್ಮ ಕೆಲಸವನ್ನು ಎಲ್ಲರಿಗೂ ಹಂಚುವವರು. ಯಾರು ಎಷ್ಟು ನಕಲು ಮಾಡಿಕೊಂಡರು ಅನ್ನುವ ಎಣಿಕೆಯೇ ಇಲ್ಲ. ಪ್ರತಿಗೆ ಇಷ್ಟು ಅಂದ್ರ ಯಾರ ಕಿಸೆಯಿಂದ ಕೊಡೂದು?

ಅವರು ಬೈಕೋತ ಕೂಡ್ರಲಿಲ್ಲ. 1995ರ ಜನವರಿಯಲ್ಲೇ ಥಾಮಸ್ ಬೌಟೆಲ್ ಎಂಬವರು ಹೊಸ ರೀತಿಯ ಕರಡು ಮುಂದಿಟ್ಟರು. ಹತ್ತಾರು ಮಂದಿ ಕೂಡಿ ತಿದ್ದಿದರು. ಯಾರ ಉತಾರೆಗೂ ಸಿಗದ ಬೇರೆ ಲೆಕ್ಕ ಹಚ್ಚಿದರು. ಅದೇ ಪಿಎನ್‌ಜಿ. ಜಿಫ್ ಚಿತ್ರಕ್ಕೆ 256 ಬಣ್ಣವಾದರೆ ಇದಕ್ಕೆ ಕೋಟಿ ಮೀರಿದ ಬಣ್ಣ. 1996ರ ಅಕ್ಟೋಬರಿನಲ್ಲಿ ಅಂತರ್ಜಾಲದ ನಿಯಮ ಮಾಡುವ ಮಂಡಳಿ ಅದನ್ನು ಒಪ್ಪಿಕೊಂಡಿತು. 1999ರ ನವೆಂಬರ್ 5ನ್ನು ‘ಜಿಫ್ ಸುಡುವ ದಿನ’ ಅಂತ ಕೆಲವರು ಸಾರಿದರು. 2003ರ ಜೂನ್ 20ಕ್ಕೆ ಅಮೆರಿಕದಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಜಿಫ್ ಉಳಿಯಿತು, ಪಿಎನ್‌ಜಿಯೂ ಉಳಿಯಿತು.

ನಮ್ಮ ದೇಶದ ಕಾನೂನಿನಲ್ಲಿ ಬರೇ ಕಂಪ್ಯೂಟರ್ ಕ್ರಮವಿಧಿಗೆ ಪೇಟೆಂಟ್ ಇಲ್ಲ. 2004ರ ಕೊನೆಗೆ ಸರಕಾರ ಸುಗ್ರೀವಾಜ್ಞೆಯಿಂದ ಈ ಬೇಲಿಯನ್ನು ಸ್ವಲ್ಪ ಸಡಿಲಿಸಿತ್ತು. 2005ರಲ್ಲಿ ಸಂಸತ್ತು ಆ ಮಾತನ್ನು ಕೈಬಿಟ್ಟಿತು.

ಉಪಾಯ ಕಂಡವನಿಗೆ ಕೂಲಿ ಬ್ಯಾಡ ಅನ್ನೂದಿಲ್ಲ. ಆದರೆ ಏಳು ವರ್ಷ ಎಲ್ಲಾರೂ ನಡೆದು ದಾರಿ ಸವೆದ ಮೇಲೆ ಅಗಸಿ ಹಾಕಿ ಸುಂಕ ಕೇಳಿದರೆ ನಡೆದವರು ಏನು ಮಾಡಬೇಕು? ನಮ್ಮಲ್ಲಿ ಪದ ಯಾರಾದರೂ ಹಾಡಬಹುದು, ಕೊನೆಯ ನುಡಿಯ ಅಂಕಿತ ಮಾತ್ರ ಬಿಡಬಾರದು. ಮುಕ್ತ ತಂತ್ರಾಂಶದವರ ಕರಾರೂ ಬಹಳಷ್ಟು ಹಿಂಗೇ: ನಕಲು ಮಾಡು, ತಿದ್ದು, ಹಂಚು, ಬರೆದವರ ಹೆಸರು ಅಳಿಸಬ್ಯಾಡ.

ನನ್ನ ಗುರುಗಳು ಪುಕ್ಕಟೆ ಕಲಿಸಿದ ಎರಡು ಧಾಟಿಗಳನ್ನು ಬೇರೆ ಮೇಳದವರಿಗೆ ಸಿಗದಂಗ ನಾನು ಬಹಳ ವರ್ಷ ಮುಚ್ಚಿಟ್ಟಿದ್ದೆ. ಇದನ್ನು ಬರೀತಾ ಬರೀತಾ ನನಗೇ ನಾಚಿಕೆ ಬಂತು. ಆ ವಹಿಯನ್ನು ಈಗ ವಾಚನಾಲಯದಲ್ಲಿ ಇಟ್ಟೀನಿ. ಬಂದು ಬರಕೊಳ್ಳಿರಿ. ಗುರುಗಳ ಅಂಕಿತ ಮಾತ್ರ ಹಂಗೇ ಇರಲಿ.