ತಿಂಥಣಿ ದಂಡೆಯ ಒಂದು ರಾತ್ರಿ

ಸುರಪುರ ಸೀಮೆಯ ತಿಂಥಣಿಯಲ್ಲಿ, ಕೃಷ್ಣೆಯ ದಂಡೆಗೆ ಟೆಂಟ್ ಹಾಕಿ ನಾವು ನಾಲ್ವರು ಗೆಳೆಯರು ಒಂದು ರಾತ್ರಿ ಕಳೆದೆವು. 'ಕ್ಯಾಂಪಿಂಗ್' ನಮಗೆ ಹೊಸ ಮಾತು, ಈ ನೆಲಕ್ಕಲ್ಲ.

ಬಾಲರಾಜ ವೆಂಕಟಪ್ಪನಾಯಕನ ಕಾಲದಲ್ಲಿ, 1841ರಿಂದ 1853ರವರೆಗೆ, ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಡೇರೆ ಹೂಡುತ್ತ ಸೀಮೆ ಸುತ್ತಿದವನು. 1877ರಲ್ಲಿ ಅವನ ಆತ್ಮಕಥೆ ಅಚ್ಚಾಯಿತು. ಆ ಡೇರೆಗಳು ಚರಿತ್ರೆಗೆ ಸೇರಿದವು.

ಮಾಘದ ಜಾತ್ರೆಗೆ ಬಂಡಿ ಕಟ್ಟಿ, ರೊಟ್ಟಿಬುತ್ತಿ ತಂದು, ಇದೇ ಬಯಲಲ್ಲಿ ಮಲಗೆದ್ದವರನ್ನು ಯಾವ ಕಡತದಲ್ಲಿ ಹುಡುಕಲಿ? ಮೌನೇಶ್ವರನನ್ನು ಮೋನಪ್ಪಯ್ಯ ಎಂದವರು, ಮೌನುದ್ದೀನ್ ಎಂದವರು, ಇಬ್ಬರೂ ಇಲ್ಲಿಗೆ ಬಂದರು. ನನ್ನ ಪ್ರಬಂಧದ ಅಡಿಟಿಪ್ಪಣಿಗಳಲ್ಲಿ ಟೇಲರ್ ಇದ್ದಾನೆ, ಅವರಿಲ್ಲ.

ಬೆಳಗ್ಗೆ ಟೆಂಟ್ ಮಡಚುವಾಗ ಮಸಿ ಹಿಡಿದ ಮೂರು ಕಲ್ಲು ಕಂಡವು. ಅದು ನಾವು ಹೂಡಿದ ಒಲೆಯಲ್ಲ.